ಸ್ಥಿತಿ: ಹೆಚ್ಚಿವೆ

ವಸ್ತುಸಂಗ್ರಹಾಲಯದ ನೌಕರಿ ಎಂದರೆ ಹಳೆಯ ಸಾಮಾನಿನ ಧೂಳು ಒರೆಸುವುದು ಎಂದು ನನ್ನ ಬೀಗರು ಇವತ್ತಿಗೂ ತಿಳಿದಿದ್ದಾರೆ. ನಾನು ತಿದ್ದಲು ಹೋಗಿಲ್ಲ. ಧೂಳು ಒರೆಸುತ್ತಿದ್ದವರು ಸವಣೂರಿನ ಇಮಾಮಸಾಬರು, ನಮ್ಮ ಅಟೆಂಡರು. ನನ್ನ ಕೆಲಸ ಆ ಸಾಮಾನುಗಳಿಗೆ ಹೆಸರು ಹಚ್ಚಿ ಕಂಪ್ಯೂಟರಿಗೆ ಸೇರಿಸುವುದು. ಒಂದು ವಸ್ತುವಿಗೆ ಎಲ್ಲರೂ ಒಂದೇ ಹೆಸರು, ಒಂದೇ ಕಾಗುಣಿತ ಬಳಸುವಂತೆ ನೋಡಿಕೊಳ್ಳುವುದು. ಕೇಳಲು ಸಪ್ಪೆ ಎನಿಸೀತು. ಮಾಡಿ ಮುಗಿಸಿದವಳು ಹೇಳುತ್ತೇನೆ, ಸಪ್ಪೆಯಲ್ಲ.

ನನ್ನ ಕುರ್ಚಿಗೆ ಈಗ ವಿದ್ಯಾ ಬಂದಿದ್ದಾಳೆ. ಚುರುಕಿನ ಹುಡುಗಿ. ಹೋದ ವಾರ ಫೋನು ಮಾಡಿದ್ದಳು. “ಬಾಯಾರ, ಪಂಚಮಿ ಆದ ಮ್ಯಾಲ ದುಂಡಸಿಯಿಂದ ಒಬ್ಬಾಕಿ ಅಜ್ಜಿ ಬರ್ತಾಳಂತ. ಬಂದು ಒಂದ ಮಾತು ಕೇಳ್ತಾಳಂತ. ಇಮಾಮಸಾಬ್ ಹೇಳಿದ್ರು. ಆಕಿಗೆ ನಾ ಏನ್ ಹೇಳ್ಬೇಕ್ರಿ?” ಎಂದಳು. ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಾಗಿರಲಿಲ್ಲ. ಬರೆದು ಕೊಡುತ್ತೇನೆ ಅಂದೆ. ಅವಳಿಗೂ, ಅವಳ ನಂತರ ಈ ಕೆಲಸಕ್ಕೆ ಬರುವವರಿಗೂ ಇದು ಇರಲಿ.

ನಮ್ಮದು ಹಾನಗಲ್ಲಿನ ಒಂದು ಹಳೆಯ ಹತ್ತಿ ಜಿನ್ನಿನ ಕಟ್ಟಡ. ಟ್ರಸ್ಟಿನವರು ಅದನ್ನು ಕೊಂಡು, ಜನರ ಮನೆಯ ಅಟ್ಟದಲ್ಲಿ ಬಿದ್ದದ್ದನ್ನೆಲ್ಲ ತಂದು ಜೋಡಿಸಿ, ಸಂಗ್ರಹಾಲಯ ಎಂದು ಹಲಗೆ ಹಾಕಿದರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನಿಂದ ವಸ್ತುಗಳು ಬರುತ್ತಿದ್ದವು. ವಸ್ತುವಿಗಿಂತ ಮೊದಲು ಊರ ಹೆಸರಿನ ಜಗಳ ಬರುತ್ತಿತ್ತು. ಒಬ್ಬರು ಶಿಗ್ಗಾಂವ ಎಂದು ಬರೆದರೆ ಇನ್ನೊಬ್ಬರು ಶಿಗ್ಗಾವಿ, ಮತ್ತೊಬ್ಬರು ಶಿಗ್ಗಾಂವಿ. ಕಂಪ್ಯೂಟರಿಗೆ ಅವು ಮೂರು ಬೇರೆ ಊರು. ಒಂದನ್ನು ಕೇಳಿದರೆ ಇನ್ನೆರಡು ಊರಿನ ಸಾಮಾನು ಅದು ತೋರಿಸುವುದೇ ಇಲ್ಲ, ಆ ಊರುಗಳು ಭೂಮಿಯ ಮೇಲೆ ಇಲ್ಲವೇನೋ ಎಂಬಂತೆ ಸುಮ್ಮನಿರುತ್ತದೆ.

ಇನ್ನೊಂದು ನೆನಪು ಬರುತ್ತದೆ. ಕಾಳು ಕೇರುವ ಮೊರಕ್ಕೆ ನಮ್ಮ ಕಡೆ ‘ಮರ’ ಅನ್ನುತ್ತೇವೆ. ಬೆಳೆದು ನಿಂತ ಮರಕ್ಕೆ ‘ಗಿಡ’ ಅನ್ನುತ್ತೇವೆ. ನಮ್ಮ ಸಂಗ್ರಾಹಕರು ‘ಮರ’ ಎಂದು ಬರೆದುಕೊಂಡು ಬಂದರು, ನಾವು ಹಾಗೇ ಸೇರಿಸಿದೆವು. ಹೊರಗಿನಿಂದ ಬಂದ ತಪಾಸಣೆಯವರು ಅದನ್ನು ಓದಿ, “ಉಗ್ರಾಣದಲ್ಲಿ ಇಷ್ಟು ಮರಗಳಿವೆಯಲ್ಲ, ತೋರಿಸಿ” ಅಂದರು. ಇಮಾಮಸಾಬರು ಗೋಡೆಗೆ ತೂಗುಹಾಕಿದ ಮರಗಳನ್ನು ತೋರಿಸಿದರು. “ಅಲ್ಲಪ್ಪ, ಮರ!” ಎಂದು ಅವರು, “ಇವ ನೋಡ್ರಿ ಮರ!” ಎಂದು ಇವರು. ಆ ದಿನ ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ನಗು ಬರದಂಥವೂ ಇದ್ದವು. ಒಂದು ಸಲ ನಮ್ಮಲ್ಲಿದ್ದ ಒಂದೇ ಒಂದು ಎತ್ತಿನ ಕೊರಳಗಂಟೆ ಪರದೆಯ ಮೇಲೆ ಎರಡಾಗಿ ಕಂಡಿತು. ಎಷ್ಟು ಅಳಿಸಿದರೂ ಎರಡು. ಕೊನೆಗೆ ತಿಳಿಯಿತು: ಒಂದು ಕಡೆ ‘ಗಂಟೆ’ ಎಂಬ ಪದದ ಮುಂದೆ ಯಾರದೋ ಬೆರಳು ತಾಗಿ ಒಂದು ಖಾಲಿ ಜಾಗ ಬಿದ್ದಿತ್ತು. ನಮ್ಮ ಕಣ್ಣಿಗೆ ಕಾಣದ ಆ ಖಾಲಿ ಯಂತ್ರಕ್ಕೆ ಕಾಣುತ್ತದೆ, ಅದನ್ನೂ ಅದು ಒಂದು ಅಕ್ಷರವೆಂದೇ ಲೆಕ್ಕ ಹಿಡಿಯುತ್ತದೆ. ಅಂದಿನಿಂದ ಆ ಪೆಟ್ಟಿಗೆಯ ಎದುರು ಒಬ್ಬಳೇ ಕೂರಲು ನನಗೆ ಒಂಥರಾ ಆಗುತ್ತಿತ್ತು.

ಈಗ ನೀಲವ್ವನ ವಿಷಯ.

ನೀಲವ್ವ ದುಂಡಸಿಯವಳು. ಗಂಡ ಬಳೆಗಾರ. ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಹಿರೇಕೆರೂರಿನ ಕಡೆಯ ಹಳ್ಳಿಗಳಿಗೆ ಹೋದವನು ತಿರುಗಿ ಬರಲಿಲ್ಲ. ಹುಡುಕಿದರು, ಸಿಗಲಿಲ್ಲ. ವರ್ಷಗಟ್ಟಲೆ ಕಳೆದ ಮೇಲೆ ಊರ ಹಿರಿಯರು ಕೂತು, ಇನ್ನು ಅವನಿಲ್ಲವೆಂದೇ ತಿಳಿಯಬೇಕು, ಮಾಡುವ ಕಾರ್ಯ ಮಾಡಿಬಿಡೋಣ ಎಂದರು. ಕಾರ್ಯ ಎಂದರೆ ಇವಳ ಕುಂಕುಮ ಅಳಿಸುವುದು, ಬಳೆ ಒಡೆಯುವುದು. ಆ ದಿನಕ್ಕೆ ಮೊದಲೇ ಇವಳು ಬೆಳಗಿನ ಬಸ್ಸು ಹಿಡಿದು, ಶಿಗ್ಗಾಂವಿಯಲ್ಲಿ ಇನ್ನೊಂದು ಬಸ್ಸು ಬದಲಿಸಿ, ನನ್ನ ಮೇಜಿನ ಮುಂದೆ ಬಂದು ನಿಂತಳು. ಅರಿವೆಯ ಗಂಟಿನಲ್ಲಿ ಒಂದು ಡಜನ್ ಹಸಿರು ಗಾಜಿನ ಬಳೆ. ಸಾಬೂನು ಹಚ್ಚಿ, ಚರ್ಮ ಕಿತ್ತು ಬರುವಂತೆ ಎಳೆದು ತೆಗೆದಿದ್ದಳು. ಗೆಣ್ಣುಗಳ ಮೇಲೆ ಗಾಯ ಇನ್ನೂ ಹಸಿಯಾಗಿತ್ತು.

“ಇವು ಇಲ್ಲಿರ್ಲಿ ಬಾಯಾರ,” ಅಂದಳು. “ನೀವು ಯಾರಿಗೂ ಮುಟ್ಟಗೊಡಂಗಿಲ್ಲಂತ ಕೇಳೇನಿ. ಇವು ನೆಟ್ಟಗಿರೋಮಟ ಅವರೂ ನೆಟ್ಟಗಿರ್ತಾರ.”

“ನಿನ್ನ ಕೈ ಖಾಲಿ ಆತಲ್ಲ ನೀಲವ್ವ?”

“ತಾಮ್ರದ್ದು ಹಾಕ್ಕೊಂಡೇನಿ ನೋಡ್ರಿ. ಇದನ್ನ ಹೆಂಗ ಹೆಚ್ಚಸ್ತಾರ, ಹೆಚ್ಚಸ್ಲಿ.”

‘ಹೆಚ್ಚಿಸುವುದು’ ಎಂದರೆ ಒಡೆಯುವುದು. ಮುತ್ತೈದೆಯ ಬಳೆ ಒಡೆಯಿತು ಎಂದು ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಹೆಚ್ಚಿತು ಅನ್ನುತ್ತೇವೆ. ತಾಳಿ ಹರಿದರೂ ಹೆಚ್ಚಿತು. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ. ಕೆಟ್ಟದ್ದನ್ನು ಹೆಸರು ಹಿಡಿದು ಕರೆದರೆ ಅದು ಓ ಎಂದು ಬಂದೀತು ಎಂಬ ಭಯ. ನನಗೂ ಆ ಭಯ ಇದೆ, ಇಷ್ಟು ಓದಿದ ಮೇಲೂ ಇದೆ. ನಾಚಿಕೆಯೇನಿಲ್ಲ.

ಮಾಲೀಕರ ಹೆಸರು ಎಂಬ ಜಾಗ ತುಂಬಬೇಕಿತ್ತು. ಬಳೆ ತಂದು ತನ್ನ ಕೈಗೆ ಇಟ್ಟ ಗಂಡನೇ ಮಾಲೀಕ ಎಂದು ನೀಲವ್ವನ ಹಟ. ಹೆಸರೇನು ಎಂದರೆ ಸೆರಗು ಬಾಯಿಗೆ ಅಡ್ಡ ಹಿಡಿದು “ಅವರು” ಅಂದಳು. ಗಂಡನ ಹೆಸರು ಹೇಳುವ ಪೈಕಿ ಅಲ್ಲ. ಆಮೇಲೆ ವಿಚಾರಿಸಿದರಾಯಿತು ಎಂದು ಸದ್ಯಕ್ಕೆ ಹಾಗೇ ಬರೆದೆ. ಮಾಲೀಕರು: ಅವರು. ಸದ್ಯಕ್ಕೆ ಎಂದದ್ದು ಹಾಗೆಯೇ ಉಳಿಯಿತು.

ನಮ್ಮಲ್ಲಿ ಬಳೆಗಾರನ ಅಂಗಡಿಯ ಒಂದು ಮಾದರಿ ಇತ್ತು. ಅದರ ಮರದ ಗೂಟಕ್ಕೆ ಆ ಹನ್ನೆರಡು ಬಳೆ ಏರಿಸಿದೆವು. ವರ್ಷಕ್ಕೊಮ್ಮೆ ನಾಗರಪಂಚಮಿ ಮುಗಿದ ಮೇಲೆ ಎಲ್ಲ ವಸ್ತುಗಳ ಎಣಿಕೆ. ಮೊದಲ ಎಣಿಕೆಗೆ ಗೂಟದಲ್ಲಿ ಒಂದು ಬಳೆ ಜಾಸ್ತಿ ಇತ್ತು. ಅದೇ ಹಸಿರು, ಅದೇ ಗಾಜು. ನನ್ನ ಲೆಕ್ಕ ತಪ್ಪಿರಬೇಕು ಎಂದುಕೊಂಡೆ. ಎರಡನೆಯ ವರ್ಷ ಇನ್ನೊಂದು. ಆಗ ಲೆಕ್ಕದ ಮೇಲೆ ಅನುಮಾನ ಪಡಲು ಆಗಲಿಲ್ಲ.

“ನೀವೇನಾದ್ರೂ ಹಾಕೀರೇನ್ರಿ?” ಎಂದು ಇಮಾಮಸಾಬರನ್ನು ಕೇಳಿದೆ.

“ಅಲ್ಲಾನ ಆಣಿ, ನಾ ಮುಟ್ಟಿಲ್ರಿ. ಆದ್ರ ಒಂದು ಮಾತು ಹೇಳ್ತೇನಿ, ನಗಬ್ಯಾಡ್ರಿ. ಪಂಚಮಿ ಹೊತ್ತಿಗೆ ಒಂದಿನ ಬಾಗಲ ಮೆಟ್ಟಲ ಮ್ಯಾಲ ಒಂದು ಜೋಡು ಚಪ್ಪಲ್ ಇರ್ತಾವ್ರಿ. ಹಳೇ ಚರ್ಮದ್ದು. ಒಳಗ ಹೋಗಿ ನೋಡಿದ್ರ ಯಾರೂ ಇರಂಗಿಲ್ಲ. ತಿರುಗಿ ಬರೂದ್ರಾಗ ಚಪ್ಪಲ್ಲೂ ಇರಂಗಿಲ್ಲ. ಹೋದ ವರ್ಷನೂ ಹಿಂಗ ಆತು.”

ನಾನು ನಗಲಿಲ್ಲ. ಪಂಚಮಿಗೆ ಹೆಂಗಸರು ಹೊಸ ಬಳೆ ಇಡಿಸಿಕೊಳ್ಳುತ್ತಾರೆ ಎಂಬುದು ಆಗಲೇ ನನ್ನ ತಲೆಗೆ ಹೊಳೆದಿತ್ತು. ಗೂಟಕ್ಕೆ ಗಾಜಿನ ಪೆಟ್ಟಿಗೆ ಮಾಡಿಸಿ, ಬೀಗ ಹಾಕಿ, ಕೀಲಿಕೈ ನನ್ನ ಕೊರಳಿಗೆ ಕಟ್ಟಿಕೊಂಡೆ.

ಮೂರನೆಯ ಪಂಚಮಿಗೆ ಮೊದಲು ನಮಗೆ ಹೊಸ ಅಧಿಕಾರಿ ಬಂದರು, ಸುದರ್ಶನ ಸಾಹೇಬರು. ದಕ್ಷಿಣದ ಕಡೆಯವರು, ಒಳ್ಳೆಯ ಮನುಷ್ಯ, ಆದರೆ ತಾವು ಹೇಳಿದ್ದೇ ಸರಿ. ಬರೆದದ್ದೆಲ್ಲ ಒಂದೇ ಅಚ್ಚಿನಲ್ಲಿರಬೇಕು ಎಂದು ಪದಗಳ ಪಟ್ಟಿ ಮಾಡಿಸಿದರು. ಯಾರೂ ತಮಗೆ ತೋಚಿದ್ದು ಟೈಪು ಮಾಡುವಂತಿಲ್ಲ, ಪಟ್ಟಿಯಿಂದ ಆರಿಸಬೇಕು. ಅದು ಒಳ್ಳೆಯ ಪದ್ಧತಿ. ವಿದ್ಯಾ, ಅದನ್ನು ಬಿಡಬೇಡ. ಎಣಿಕೆಯ ಸ್ಥಿತಿಗೆ ಅವರು ಇಟ್ಟ ಪದಗಳು ಮೂರು: ಸರಿ ಇವೆ, ಕಡಿಮೆ ಇವೆ, ಹೆಚ್ಚಿವೆ.

“ಸರ್, ಆ ಕೊನೀ ಪದ ಬ್ಯಾಡ್ರಿ,” ಅಂದೆ. “ನಮ್ಮ ಕಡೆ ಅದಕ್ಕ ಬ್ಯಾರೆ ಅರ್ಥ ಐತಿ. ‘ಜಾಸ್ತಿ ಇವೆ’ ಅಂತ ಹಾಕೋಣ್ರಿ.”

“ಜಾಸ್ತಿ ಕನ್ನಡ ಅಲ್ಲ ಮೇಡಂ. ‘ಹೆಚ್ಚು’ ಅಂತ ಅಚ್ಚ ಕನ್ನಡ ಪದ ಇರುವಾಗ ಅದು ಯಾಕೆ?”

ಅರ್ಥ ಬಿಡಿಸಿ ಹೇಳಿದೆ. ಅವರ ಕಡೆಯ ಹಳಬರಿಗೂ ಈ ಮಾತು ಗೊತ್ತಿದ್ದೀತು, ಅವರಿಗಂತೂ ಗೊತ್ತಿರಲಿಲ್ಲ. “ಒಂದು ಊರಿನ ಮೂಢನಂಬಿಕೆಗೆ ಒಂದೊಂದು ಪದ ಇಡುತ್ತಾ ಹೋದರೆ ಏಕರೂಪ ಎಲ್ಲಿ ಬಂತು?” ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆದರೆ ಏಕರೂಪ ಬೇಕೆಂದು ವರ್ಷಗಟ್ಟಲೆ ಗುದ್ದಾಡಿದವಳು ನಾನೇ ಆಗಿದ್ದೆ.

ಪಂಚಮಿಯ ಮರುದಿನ ಸಂಜೆ. ಜಿಟಿಜಿಟಿ ಮಳೆ. ಬಾಗಿಲು ಹಾಕುವ ಹೊತ್ತು. ಸಾಹೇಬರು ಒಳಗೆ ಮುಖವಾಡಗಳ ಕೋಣೆಯಲ್ಲಿ ಏನನ್ನೋ ಅಳೆಯುತ್ತಿದ್ದರು. ಅದು ನನಗೆ ತಿಳಿಯದೆ, “ಇಮಾಮಸಾಬ್, ದೀಪಾ ದೊಡ್ಡದು ಮಾಡ್ರಿ” ಅಂದೆ. ಬೆಳಕು ಜೋರು ಮಾಡಿಸುತ್ತಿದ್ದಾರೆ ಎಂದು ಸಾಹೇಬರು ಖುಷಿಪಟ್ಟರಂತೆ. ಕೂಡಲೇ ಗವ್ವೆಂದು ಕತ್ತಲೆ. ಸ್ವಲ್ಪ ಹೊತ್ತಿಗೆ ಗೋಡೆ ಸವರುತ್ತಾ ಹೊರಗೆ ಬಂದರು. ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ. ಅವರು ಬೈಯಲಿಲ್ಲ.

“ಒಳಗೆ ಹೆಂಗಸರು ಯಾರಿದ್ದರು?” ಎಂದು ಕೇಳಿದರು.

“ಯಾರೂ ಇಲ್ಲಲ್ರಿ.”

“ಬಳೆ ಸದ್ದಾಯಿತು. ಒಂದೇ ಒಂದು ಸಲ. ಒಂದು ಬಳೆಗೆ ಇನ್ನೊಂದು ತಾಗಿದ ಹಾಗೆ.”

ನಾನು ನನ್ನ ಬರಿಗೈ ತೋರಿಸಿದೆ. ಧೂಳಿನ ಕೆಲಸ ಎಂದು ನಾನು ವಾಚು ಬಿಟ್ಟು ಏನೂ ಹಾಕುತ್ತಿರಲಿಲ್ಲ. ಮಾರನೆಯ ದಿನ ಎಣಿಕೆಗೆ ಪೆಟ್ಟಿಗೆ ತೆರೆದೆ. ಬೀಗ ಇದ್ದಂತೆಯೇ ಇತ್ತು. ಬಳೆ ಹದಿನೈದು.

ಸಾಹೇಬರು ತಾವೇ ಎಣಿಸಿದರು. ಮುಖ ಬಿಳಿಚಿತ್ತು, ಆದರೂ ನಿಯಮ ಬಿಡಲಿಲ್ಲ. “ದಾಖಲೆಯಲ್ಲಿ ಹನ್ನೆರಡು, ಇರುವುದು ಹದಿನೈದು. ಪಟ್ಟಿಯಿಂದ ಆರಿಸಿ” ಎಂದರು. ನಾನು ಕೈ ಕಟ್ಟಿ ನಿಂತೆ. ಅವರೇ ಮೌಸು ಹಿಡಿದು ಒತ್ತಿದರು.

ಅದೇ ತಿಂಗಳು ಮಾದರಿ ಅಂಗಡಿಯ ಪಕ್ಕಕ್ಕೆ ಒಂದು ಮುಟ್ಟುಪರದೆ ಬಂತು. ಓದು ಬಾರದವರಿಗೂ ತಿಳಿಯಲಿ ಎಂದು ಅದಕ್ಕೆ ಧ್ವನಿ ಇಟ್ಟಿದ್ದರು. ಚಿತ್ರ ಮುಟ್ಟಿದರೆ ಒಂದು ಹೆಣ್ಣುಧ್ವನಿ ದಾಖಲೆಯಲ್ಲಿದ್ದದ್ದನ್ನು ಓದುತ್ತಿತ್ತು. ಏರಿಳಿತವಿಲ್ಲದ ಧ್ವನಿ. ಮೊದಲ ದಿನ ಗೊಟಗೋಡಿಯ ಶಿಲ್ಪದ ತೋಟ ನೋಡಲು ಹೊರಟಿದ್ದ ಶಾಲೆಯ ಮಕ್ಕಳು ದಾರಿಯಲ್ಲಿ ನಮ್ಮಲ್ಲಿಗೂ ಬಂದು, ಮುಟ್ಟಿ ಮುಟ್ಟಿ ಅದರ ಜೀವ ತಿಂದು ಹೋದರು. ಸಂಜೆ ಯಾರೂ ಇರಲಿಲ್ಲ. ನಾನೂ ಇಮಾಮಸಾಬರೂ ಕಚೇರಿಯಲ್ಲಿ ಸವಣೂರ ಖಾರಾ ಬಾಯಾಡಿಸುತ್ತಾ ಕೂತಿದ್ದೆವು. ಖಾಲಿ ಗ್ಯಾಲರಿಯಿಂದ ಧ್ವನಿ ಬಂತು.

“ಬಳೆಗಳು. ಹಸಿರು ಗಾಜು. ಮಾಲೀಕರು: ಅವರು. ಸ್ಥಿತಿ: ಹೆಚ್ಚಿವೆ.”

ಇಮಾಮಸಾಬರ ಕೈ ಬಾಯಿಯ ಹತ್ತಿರವೇ ನಿಂತಿತು. ಸ್ವಲ್ಪ ಬಿಟ್ಟು ಅದೇ ಧ್ವನಿ, ಅದೇ ಮಾತು, ಇನ್ನೊಮ್ಮೆ. ಸರಿಯಾಗಿ ಕೇಳಿಸದವರು ಮತ್ತೆ ಮುಟ್ಟಿ ಕೇಳಿದ ಹಾಗೆ. ಇಬ್ಬರೂ ಎದ್ದು ಓಡಿದೆವು. ಗ್ಯಾಲರಿಯಲ್ಲಿ ಯಾರೂ ಇಲ್ಲ. ಪರದೆಯ ಮೇಲೆ ಬಳೆಯ ಚಿತ್ರ ಬೆಳಗುತ್ತಿತ್ತು. ಬಾಗಿಲ ಮೆಟ್ಟಿಲ ಮೇಲೆ ಒಂದು ಜೊತೆ ಹಳೆಯ ಚರ್ಮದ ಚಪ್ಪಲಿ.

ಒಳಗೆ ಹೋಗಿ ತಿರುಗಿ ಬಂದೆವು. ಚಪ್ಪಲಿ ಅಲ್ಲೇ ಇದ್ದವು. ಮಾರನೆಯ ದಿನವೂ ಇದ್ದವು. ಯಾರೂ ಬಂದು ಮೆಟ್ಟಿಕೊಂಡು ಹೋಗಲಿಲ್ಲ. ಎತ್ತಿ ಆಚೆ ಇಡಲು ಇಮಾಮಸಾಬರು ಒಪ್ಪಲಿಲ್ಲ, ನನಗೂ ಧೈರ್ಯ ಬರಲಿಲ್ಲ. ಕಸ ಹೊಡೆಯುವಾಗ ಅವನ್ನು ಬಿಟ್ಟು ಸುತ್ತಲೂ ಹೊಡೆಯುತ್ತಿದ್ದರು.

ಆ ಶಾಲೆಯ ಮಕ್ಕಳಲ್ಲಿ ಒಬ್ಬಳು ನೀಲವ್ವನ ತಂಗಿಯ ಮೊಮ್ಮಗಳು. ಮನೆಗೆ ಹೋಗಿ ಯಂತ್ರ ಹೇಳಿದ್ದನ್ನು ಹಾಗೇ ಹೇಳಿದ್ದಾಳೆ. ಮುಂದಿನ ವಾರ ನೀಲವ್ವ ಬಂದಳು. ಹಿರಿಯರು ಎಷ್ಟು ಹೇಳಿದರೂ ಅಳಿಸಗೊಡದಿದ್ದ ಕುಂಕುಮ ಇರಲಿಲ್ಲ, ಹಣೆ ಬೋಳಾಗಿತ್ತು.

“ಯಾವಾಗ ಹೆಚ್ಚಿದ್ವು ಬಾಯಾರ?” ಎಂದಳು. ಅಳಲಿಲ್ಲ. “ನನಗ ಒಂದು ಮಾತು ಹೇಳಿ ಕಳಸ್ಬೇಕಿತ್ತು.”

ನಾನು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಪೆಟ್ಟಿಗೆಯ ಬೀಗ ತೆಗೆದು, ಗೂಟ ಎತ್ತಿ ಅವಳ ಮಡಿಲಲ್ಲಿ ಇಟ್ಟೆ. ಪ್ರದರ್ಶನದ ವಸ್ತುವನ್ನು ಹಾಗೆ ಕೊಡುವಂತಿಲ್ಲ. ಸಾಹೇಬರು ಅಲ್ಲೇ ನಿಂತಿದ್ದರು, ತಡೆಯಲಿಲ್ಲ. ನೀಲವ್ವ ಒಂದೊಂದೇ ಬಳೆ ಬೆರಳಿನಿಂದ ಸವರಿ ನೋಡಿದಳು. ಎಲ್ಲವೂ ಗಟ್ಟಿಯಾಗಿದ್ದವು. ಸಾಹೇಬರು ತಗ್ಗಿದ ದನಿಯಲ್ಲಿ, “ಅಜ್ಜಿ, ಹೆಚ್ಚಿವೆ ಅಂದರೆ ಲೆಕ್ಕಕ್ಕಿಂತ ಜಾಸ್ತಿ ಇವೆ ಅಂತ ಅಷ್ಟೇ” ಎಂದರು. ಕನ್ನಡವಲ್ಲ ಎಂದಿದ್ದ ಆ ‘ಜಾಸ್ತಿ’ ಅವರ ಬಾಯಿಂದಲೇ ಬಂತು.

“ಹೆಚ್ಚು ಅಂದ್ರ ಹೆಚ್ಚ ಏನ್ರಿ?” ಎಂದು ನೀಲವ್ವ ಅವರನ್ನೇ ನೋಡಿದಳು. ಉಸಿರು ಬಿಟ್ಟಳು. ಆಮೇಲೆ ತನ್ನ ಕೈಯಲ್ಲಿ ಸವೆದವನ್ನು ಬೇರೆ ತೆಗೆದು ಬಳೆಗಳನ್ನು ಎರಡು ಪಾಲು ಮಾಡಿದಳು. “ಇವಿಷ್ಟು ನನ್ನವು. ಈ ಮೂರು ನಾ ಕೊಟ್ಟಾವಲ್ಲ.”

“ಯಾರವು ಮತ್ತ?”

ಅವಳು ಆ ಮೂರರಲ್ಲಿ ಒಂದನ್ನು ಕೈಗೆ ಏರಿಸಲು ನೋಡಿದಳು. ಊದಿದ ಗೆಣ್ಣುಗಳ ಹತ್ತಿರ ನಿಂತಿತು. “ನನ್ನ ಕೈ ಭಾಳ ಸಣ್ಣದಿತ್ರಿ. ಈ ಅಳತಿ ಪ್ಯಾಟ್ಯಾಗ ಸಿಗ್ತಿದ್ದಿಲ್ಲ. ಅವರು ನನ್ನ ಸಲುವಾಗಿ ಬ್ಯಾರೆ ಹೇಳಿ ತರಸ್ತಿದ್ರು. ಇದು ನನ್ನ ಆಗಿನ ಕೈ. ಈಗಿನ ಕೈ ಅವರು ನೋಡಿಲ್ಲಲ್ರಿ.”

ಹೊರಗೆ ಹಾನಗಲ್ಲಿನ ಸಂತೆಯ ಗದ್ದಲ ಕೇಳುತ್ತಿತ್ತು. ನೀಲವ್ವ ಪರದೆಯ ಕಡೆ ತಿರುಗಿದಳು.

“ಆ ಮಷೀನಿನ ಮಾತು ಅವರೂ ಕೇಳ್ಯಾರೇನ್ರಿ?”

ಇಮಾಮಸಾಬರು ಮೆಟ್ಟಿಲ ಕಡೆ ಕೈ ಮಾಡಿದರು. ನೀಲವ್ವ ಹೋಗಿ ಆ ಚಪ್ಪಲಿಯ ಮುಂದೆ ಬಹಳ ಹೊತ್ತು ಕುಕ್ಕುರುಗಾಲಲ್ಲಿ ಕೂತಳು. ಕೊನೆಗೆ ಅವನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಅವಳ ಚೀಲದಲ್ಲೇ ಕುಂಕುಮದ ಭರಣಿ ಇತ್ತು. ಅಲ್ಲೇ ನಿಂತು ಹಣೆಗೆ ಹಚ್ಚಿಕೊಂಡು ಬಸ್ಸಿಗೆ ನಡೆದಳು.

ಸಾಹೇಬರು ಅವತ್ತೇ ಪಟ್ಟಿಯಲ್ಲಿ ‘ಜಾಸ್ತಿ ಇವೆ’ ಮಾಡಿಸಿದರು. ವರ್ಗವಾಗಿ ಹೋಗುವವರೆಗೂ ಸಂಜೆಯ ಹೊತ್ತಿಗೆ ಅವರು ಒಬ್ಬರೇ ಒಳಗೆ ನಿಲ್ಲಲಿಲ್ಲ. ಬಂದವನು ಬದುಕಿದ್ದ ಮನುಷ್ಯನೋ, ಅಲ್ಲವೋ ನನಗೆ ಗೊತ್ತಿಲ್ಲ. ಬದುಕಿದ್ದವನಾದರೆ ಬೀಗ ಹಾಕಿದ ಗಾಜಿನೊಳಗೆ ಬಳೆ ಹೇಗೆ ಏರಿಸಿದ? ಸತ್ತವನಾದರೆ ಚಪ್ಪಲಿ ಯಾಕೆ ಬೇಕು? ಒಂದಂತೂ ಖರೆ. ಯಾರೇ ಇರಲಿ, ನಮ್ಮ ಕಡೆಯವನು. ‘ಹೆಚ್ಚಿವೆ’ ಎಂದು ಕೇಳಿದಾಗ ಅವನಿಗೆ ಜಾಸ್ತಿ ಎಂಬ ಅರ್ಥ ಹೊಳೆದಿರಲಿಕ್ಕಿಲ್ಲ, ಒಡೆದಿವೆ ಎಂದೇ ಕೇಳಿಸಿರಬೇಕು. ಹೆಂಡತಿ ತನ್ನನ್ನು ಹೋದವರ ಲೆಕ್ಕಕ್ಕೆ ಹಾಕಿದಳು ಎಂದುಕೊಂಡು ಹೋದ. ಆ ಪಟ್ಟಿಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಪದ ಆರಿಸುವ ಮೊದಲು ಅದನ್ನು ಕೇಳಿಸಿಕೊಳ್ಳುವವರು ಯಾರು ಎಂದು ಯೋಚಿಸಿ, ಇಷ್ಟೇ ನಾನು ಹೇಳುವುದು. ಮತ್ತೆ ಪಂಚಮಿಯ ಮಾತು. ವಿದ್ಯಾ, ನೀಲವ್ವ ಬಂದೇ ಬರುತ್ತಾಳೆ. ಮೊದಲು ಪೆಟ್ಟಿಗೆ ತೆರೆದು ಸರಿಯಾಗಿ ಎಣಿಸು. ಅವಳು ಬಾಗಿಲಲ್ಲಿ ನಿಂತು ಕೇಳುವುದು ಬೇರೆ ಯಾವ ಮುತ್ತೈದೆಯೂ ತನ್ನ ಬಳೆಯ ಬಗ್ಗೆ ಬಾಯಿಬಿಟ್ಟು ಕೇಳದ ಮಾತು. ನಾನು ನಿವೃತ್ತಳಾದ ವರ್ಷವೂ ಅದನ್ನೇ ಕೇಳಿದಳು.

“ಹೆಚ್ಚ್ಯಾವೇನ್ರಿ ಬಾಯಾರ?”

ನಾನು ಎರಡು ಸಲ ಎಣಿಸಿದ್ದೆ. ಹದಿನೈದೇ ಇದ್ದವು, ಎಲ್ಲವೂ ಗಟ್ಟಿಯಾಗಿದ್ದವು, ಹೊಸದು ಒಂದೂ ಬಂದಿರಲಿಲ್ಲ.

“ಇಲ್ಲ ನೀಲವ್ವ. ಹೆಚ್ಚಿಲ್ಲ.”

“ಚಲೋ ಆತ್ ಬಿಡ್ರಿ,” ಎಂದು ಅವಳು ಹಣೆಯ ಕುಂಕುಮ ಮುಟ್ಟಿ ನೋಡಿಕೊಂಡಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.